ಎಡಗಡೆಯ ಕನ್ನಡಿ

ನಮ್ಮ ಮೂಲ ಮನೆ ಇರುವುದು ತೀರ್ಥಹಳ್ಳಿಯ ಕಡೆ. ಅಲ್ಲಿ ಅಡಿಕೆ ಒಣಗಿಸುವ ಅಂಗಳದ ಪಕ್ಕದ ಶೆಡ್ಡಿನಲ್ಲಿ ಒಂದು ಮುದಿ ಪಿಕಪ್ ನಿಂತಿದೆ. ಅದಕ್ಕೂ ನನಗೂ ಹೆಚ್ಚುಕಡಿಮೆ ಒಂದೇ ಬಗೆಯ ಕಾಯಿಲೆಗಳು. ಬೆಳಿಗ್ಗೆ ಏಳುವಾಗ ಕೆಮ್ಮು, ಕೀಲುಗಳಲ್ಲಿ ಕಿರ್ ಎನ್ನುವ ಸದ್ದು, ಮಳೆಗಾಲದಲ್ಲಿ ಹೊರಗೆ ಹೊರಡಲು ಬೇಸರ. ಈ ದಸರಾ ರಜೆಯಲ್ಲಿ ನಾನು, ಏಳನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗ, ಅಣ್ಣನ ಮಗ ಮೂವರೂ ಸೇರಿ ಅದಕ್ಕೆ ಕನ್ನಡಿ ಹಾಕಿದೆವು. ಆ ಕೆಲಸಕ್ಕೆ ಎರಡು ದಿನ ಹಿಡಿಯಿತು. ಸರಿಯಾಗಿ ಲೆಕ್ಕ ಹಾಕಿದರೆ ಐವತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲು ಪಿಕಪ್ಪಿನ ಪರಿಚಯ ಆಗಲಿ. ಅದು ಮಹೀಂದ್ರಾದವರ ಎಫ್‌ಸಿ ಜೀಪ್. ಎಫ್‌ಸಿ ಎಂದರೆ ಫಾರ್ವರ್ಡ್ ಕಂಟ್ರೋಲ್. ಮಾಮೂಲಿ ಜೀಪಿಗೆ ಮುಂದೆ ಉದ್ದ ಮೂತಿ ಇರುತ್ತದೆ, ಅದರೊಳಗೆ ಎಂಜಿನ್ ಇರುತ್ತದೆ. ಇದಕ್ಕೆ ಮೂತಿಯೇ ಇಲ್ಲ. ಡ್ರೈವರ್ ಮುಂದಿನ ಚಕ್ರದ ಮೇಲೆಯೇ ಕುಳಿತಂತೆ ಕೂರಬೇಕು. ಎಂಜಿನ್ ಅವನಿಗೂ ಪಕ್ಕದವನಿಗೂ ನಡುವೆ ಒಂದು ಪೆಟ್ಟಿಗೆಯ ಕೆಳಗೆ ಇರುತ್ತದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಬಗೆಯ ಜೀಪನ್ನು ಆಮೇಲೆ ನಮ್ಮ ದೇಶದಲ್ಲೂ ತಯಾರಿಸಿದರು. ಮೂತಿ ಇಲ್ಲದ್ದರಿಂದ ಹಿಂದೆ ಸಾಮಾನು ತುಂಬಲು ಜಾಗ ಹೆಚ್ಚು. ನನ್ನ ದೊಡ್ಡಪ್ಪ ಅದನ್ನು 1969ರಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಂಡರು. ಅಡಿಕೆ ಮೂಟೆ ತುಂಬಿಕೊಂಡು ಶಿವಮೊಗ್ಗದ ಮಂಡಿಗೆ ಹೋಗುವುದು ಅದರ ಮುಖ್ಯ ಕೆಲಸ. ಸುಮಾರು 60 ಕಿಲೋಮೀಟರ್ ದಾರಿ. ಮಿಕ್ಕ ದಿನ ಗೊಬ್ಬರ, ಸೊಪ್ಪು, ಮದುವೆಯ ಪಾತ್ರೆ, ಒಮ್ಮೊಮ್ಮೆ ಮದುವೆಯ ದಿಬ್ಬಣವನ್ನೂ ಹೊರುತ್ತಿತ್ತು.

ಈ ಗಾಡಿಗೆ ಬಲಗಡೆ ಮಾತ್ರ ಒಂದು ಪುಟ್ಟ ದುಂಡು ಕನ್ನಡಿ ಇತ್ತು. ಎಡಗಡೆಗೆ ಕನ್ನಡಿಯೇ ಇರಲಿಲ್ಲ. "ಹಾಗಾದ್ರೆ ಎಡಗಡೆ ಯಾರು ಬರ್ತಿದ್ದಾರೆ ಅಂತ ಹೇಗೆ ಗೊತ್ತಾಗ್ತಿತ್ತು ಅಜ್ಜಾ?" ಎಂದು ಮೊಮ್ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಡ್ರೈವರ್ ಎಡಗಡೆಗೆ ಬಗ್ಗಿ ನೋಡೋಣವೆಂದರೆ ನಡುವೆ ಕಾದ ಎಂಜಿನ್ ಪೆಟ್ಟಿಗೆ. ಮೊಣಕೈ ಸುಟ್ಟುಕೊಳ್ಳಬೇಕಷ್ಟೆ.

ಅದಕ್ಕೆ ಎಡಗಡೆ ಒಬ್ಬ ಮನುಷ್ಯ ಕೂರುತ್ತಿದ್ದ. ಲಾರಿಯಾದರೆ ಕ್ಲೀನರ್, ಬಸ್ಸಾದರೆ ಕಂಡಕ್ಟರ್, ನಮ್ಮ ಪಿಕಪ್ಪಿಗಾದರೆ ಮನೆಯ ಹುಡುಗರಲ್ಲಿ ಒಬ್ಬ. ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿ, ದಾರಿ ಖಾಲಿ ಇದ್ದರೆ "ರೈಟ್" ಎನ್ನಬೇಕು. ಯಾರಾದರೂ ಇದ್ದರೆ "ಹೋಲ್ಡಾನ್" ಎಂದು ಕೂಗಿ ಬಾಗಿಲ ತಗಡಿಗೆ ಎರಡು ಏಟು ಹಾಕಬೇಕು. ಆ ಎರಡು ಮಾತು ನಾವು ಕಲಿತ ಮೊದಲ ಇಂಗ್ಲಿಷ್. ಎಡಗಡೆ ಇದ್ದುಕೊಂಡು "ರೈಟ್" ಎನ್ನುವುದು ಏಕೆಂದು ಮಾತ್ರ ಯಾರೂ ಕೇಳಲಿಲ್ಲ.

ಅಣ್ಣನ ಮಗ ಇಪ್ಪತ್ತು ವರ್ಷ ನಿಂತಿದ್ದ ಈ ಗಾಡಿಯನ್ನು ಹೋದ ವರ್ಷ ಓಡುವಂತೆ ಮಾಡಿದ. ಆದರೆ ಬಲಗಡೆಯ ಕನ್ನಡಿಯ ಹಿಂದಿನ ಲೇಪ ಎದ್ದು ಹೋಗಿ ಅದರಲ್ಲಿ ಮೋಡ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಈಗಿನ ರಸ್ತೆಯಲ್ಲಿ ಎರಡೂ ಕಡೆ ಕಣ್ಣಿಲ್ಲದೆ ಹೋಗುವುದು ಹುಚ್ಚು. "ಚಿಕ್ಕಪ್ಪ, ಒಂದು ಜೋಡಿ ಕನ್ನಡಿ ತಂದಿದೀನಿ. ನೀವಿದ್ದಾಗಲೇ ಹಾಕಿಬಿಡೋಣ" ಎಂದ. ಹೀಗೆ ನಮ್ಮ ಕೆಲಸ ಶುರುವಾಯಿತು.

ಕನ್ನಡಿ ಹಾಕುವುದೆಂದರೆ ಬಾಗಿಲಿಗೆ ತೂತು ಕೊರೆದು ಬಿಗಿಯುವುದು ಅಷ್ಟೇ ಎಂದು ಮೊಮ್ಮಗ ತಿಳಿದಿದ್ದ. ತೀರ್ಥಹಳ್ಳಿಯಿಂದ ಬಂದಿದ್ದ ಮೆಕ್ಯಾನಿಕ್ ನಕ್ಕು, "ಮೊದಲು ಡ್ರಿಲ್ ಕೆಳಗಿಡಿ, ಸೀಮೆಸುಣ್ಣ ಕೊಡಿ" ಎಂದರು. ಡ್ರೈವರ್ ತನ್ನ ಸೀಟಿನಲ್ಲಿ ದಿನಾ ಕೂರುವ ಹಾಗೆಯೇ ಕೂರಬೇಕು, ಬೆನ್ನು ಒರಗಿಸಿ. ಇನ್ನೊಬ್ಬ ಹೊರಗೆ ನಿಂತು ಕನ್ನಡಿಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸುತ್ತಾ ಹೋಗಬೇಕು. ಕಿಟಕಿಯ ಕಂಬ ಅಡ್ಡ ಬರದೆ, ಡ್ರೈವರ್ ತಲೆ ಹೆಚ್ಚು ಹೊರಳಿಸದೆ ಎಲ್ಲಿ ಕಾಣುತ್ತದೋ ಅಲ್ಲಿ ಗುರುತು ಹಾಕಬೇಕು. ಬಾಗಿಲನ್ನು ಪೂರ್ತಿ ತೆರೆದು ಮುಚ್ಚಿ, ಕನ್ನಡಿಯ ತೋಳು ಎಲ್ಲಿಗೂ ತಾಗುವುದಿಲ್ಲವೆಂದು ನೋಡಿಕೊಳ್ಳಬೇಕು. ತೂತು ಕೊರೆದ ಮೇಲೆ ಬುದ್ಧಿ ಬಂದರೆ ಪ್ರಯೋಜನವಿಲ್ಲ. ಹಳೆಯ ತಗಡು, ಮತ್ತೆ ಹುಟ್ಟುವುದಿಲ್ಲ.

ಕನ್ನಡಿಗಳಲ್ಲೂ ಎರಡು ಜಾತಿ. ಬಲಗಡೆಗೆ ಚಪ್ಪಟೆ ಕನ್ನಡಿ, ಎಡಗಡೆಗೆ ಉಬ್ಬು ಕನ್ನಡಿ ಹಾಕುವುದೆಂದಾಯಿತು. ಡ್ರೈವರಿಗೆ ಎಡಗಡೆಯ ಕನ್ನಡಿ ದೂರ. ದೂರದ ಚಪ್ಪಟೆ ಕನ್ನಡಿಯಲ್ಲಿ ಸಣ್ಣ ಕಿಂಡಿಯಲ್ಲಿ ಇಣುಕಿದಷ್ಟೇ ಕಾಣುತ್ತದೆ. ಉಬ್ಬಿದ ಕನ್ನಡಿಯಲ್ಲಿ ಅಗಲವಾಗಿ ಕಾಣುತ್ತದೆ. ಮಕ್ಕಳೇ, ಇದನ್ನು ನೀವು ಅಡುಗೆಮನೆಯಲ್ಲೇ ನೋಡಬಹುದು. ಹೊಳೆಯುವ ಸ್ಟೀಲ್ ಚಮಚದ ಬೆನ್ನಿನಲ್ಲಿ ಮುಖ ನೋಡಿಕೊಳ್ಳಿ. ಮುಖ ಚಿಕ್ಕದಾಗಿ, ನಿಮ್ಮ ಹಿಂದೆ ಇಡೀ ಅಡುಗೆಮನೆಯೇ ಕಾಣುತ್ತದೆ. ಅಗಲವಾಗಿ ತೋರಿಸುವುದಕ್ಕೆ ಉಬ್ಬು ಕನ್ನಡಿ ಒಂದು ಬೆಲೆ ಕೇಳುತ್ತದೆ. ಎಲ್ಲವನ್ನೂ ಚಿಕ್ಕದು ಮಾಡುತ್ತದೆ. ಚಿಕ್ಕದಾಗಿ ಕಂಡದ್ದನ್ನು ನಾವು ದೂರ ಇದೆಯೆಂದು ತಿಳಿಯುತ್ತೇವೆ. ಅದಕ್ಕೇ ಕೆಲವು ಕನ್ನಡಿಗಳ ಮೇಲೆ, ಇದರಲ್ಲಿ ಕಾಣುವ ವಸ್ತುಗಳು ಕಾಣುವುದಕ್ಕಿಂತ ಹತ್ತಿರ ಇವೆ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಾರೆ.

"ಕನ್ನಡಿ ಇಡೋದನ್ನ ಯಾರು ಕಂಡುಹಿಡಿದಿದ್ದು ಅಜ್ಜಾ?" ಎಂದು ಮೊಮ್ಮಗ ಕೇಳಿದ. ನನಗೆ ಗೊತ್ತಿದ್ದ ಎರಡು ಕಥೆ ಹೇಳಿದೆ. ಇಂಗ್ಲೆಂಡಿನಲ್ಲಿ ಡೊರೊಥಿ ಲೆವಿಟ್ ಎಂಬ ಹೆಣ್ಣುಮಗಳು ಕಾರು ಓಡಿಸುವುದರಲ್ಲಿ ಹೆಸರು ಮಾಡಿದ್ದಳು. 1909ರಲ್ಲಿ ಹೆಂಗಸರಿಗಾಗಿ ಕಾರಿನ ಬಗ್ಗೆ ಒಂದು ಪುಸ್ತಕ ಬರೆದಳು. ಅದರಲ್ಲಿ, ಜೊತೆಗೆ ಒಂದು ಕೈಗನ್ನಡಿ ಇಟ್ಟುಕೊಳ್ಳಿ, ಆಗಾಗ ಎತ್ತಿ ಹಿಂದೆ ಏನು ಬರುತ್ತಿದೆಯೆಂದು ನೋಡಿ ಎಂದು ಹೇಳಿದ್ದಾಳೆ. ಎರಡನೆಯವನು ಅಮೆರಿಕದ ರೇ ಹ್ಯಾರೂನ್. 1911ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮೊದಲ ಬಾರಿಗೆ 500 ಮೈಲಿಯ ಕಾರ್ ರೇಸ್ ನಡೆಯಿತು. ಮಿಕ್ಕವರೆಲ್ಲ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡಿದ್ದರು. ಹಿಂದಿನಿಂದ ಯಾರು ಬರುತ್ತಿದ್ದಾರೆಂದು ನೋಡಿ ಹೇಳುವುದೂ ಅವನ ಕೆಲಸವಾಗಿತ್ತು. ಹ್ಯಾರೂನನ ಕಾರಿನಲ್ಲಿ ಒಬ್ಬರಿಗೇ ಜಾಗ. ಇದು ಅಪಾಯ ಎಂದು ಮಿಕ್ಕವರು ತಕರಾರು ತೆಗೆದರು. ಆತ ಕಣ್ಣೆದುರಿಗೆ ಒಂದು ಕನ್ನಡಿ ಕಟ್ಟಿಕೊಂಡ, ರೇಸನ್ನೂ ಗೆದ್ದ. ಆದರೆ ಇಟ್ಟಿಗೆ ಹಾಸಿದ ಆ ಟ್ರ್ಯಾಕಿನಲ್ಲಿ ಕನ್ನಡಿ ಅದುರಿ ಅದುರಿ ಅದರಲ್ಲಿ ಏನೂ ಕಾಣುತ್ತಿರಲಿಲ್ಲವೆಂದು ಆಮೇಲೆ ಅವನೇ ಹೇಳಿದನಂತೆ.

"ಅಂದ್ರೆ ಕನ್ನಡಿ ಬಂದಿದ್ದು ಕ್ಲೀನರ್ ಬದಲಿಗೆ!" ಎಂದ ಮೊಮ್ಮಗ. ಅವನು ಸುಮ್ಮನೆ ಹೇಳಿದ. ನನ್ನ ಮನಸ್ಸು ಮಾತ್ರ ಬೇರೆಲ್ಲೋ ಹೋಯಿತು.

ಬಲಗಡೆಯ ಕನ್ನಡಿ ಮಧ್ಯಾಹ್ನದೊಳಗೆ ಕೂತಿತು. ಹಳೆಯ ತೂತುಗಳಿದ್ದವು, ತುಕ್ಕು ಉಜ್ಜಿ ಅವನ್ನೇ ಬಳಸಿದೆವು. ಎಡಗಡೆಗೆ ಬಂದಾಗ ಅಣ್ಣನ ಮಗ ಡ್ರೈವರ್ ಸೀಟಿನಲ್ಲಿ ಕೂತ. ಮೆಕ್ಯಾನಿಕ್ ಕನ್ನಡಿ ಹಿಡಿದರು. ಮೊಮ್ಮಗ ಸೀಮೆಸುಣ್ಣದಲ್ಲಿ ಎರಡು ಗುರುತು ಹಾಕಿದ. ಗುರುತಿನ ಸುತ್ತ ಬಣ್ಣ ಕೆರೆಯತೊಡಗಿದ ಮೆಕ್ಯಾನಿಕ್ ನಡುವೆ ನಿಲ್ಲಿಸಿ, "ಇಲ್ಲಿ ನೋಡಿ ಸಾರ್" ಎಂದರು.

ಬಣ್ಣದ ಕೆಳಗೆ ಎರಡು ಕಡೆ ಪುಟ್ಟಿ ತುಂಬಿತ್ತು. ಕೆದಕಿದರೆ ಎರಡು ತೂತು. ನಮ್ಮ ಗುರುತಿಗೂ ಅವಕ್ಕೂ ಅರ್ಧ ಇಂಚಿನಷ್ಟೇ ಅಂತರ. "ಕಂಪನಿಯವರು ಮಾಡಿದ್ದಿರಬಹುದು" ಎಂದ ಅಣ್ಣನ ಮಗ. "ಅಲ್ಲ. ಕೈ ಡ್ರಿಲ್ಲಿನಲ್ಲಿ ಕೊರೆದದ್ದು. ಒಂದು ತೂತು ಸೊಟ್ಟ ಇದೆ. ಯಾರೋ ಕನ್ನಡಿ ಹಾಕಲು ಹೊರಟು ಆಮೇಲೆ ಮುಚ್ಚಿದ್ದಾರೆ" ಎಂದರು ಮೆಕ್ಯಾನಿಕ್.

ಆ ಬಾಗಿಲಿಗೆ ಕನ್ನಡಿ ಇದ್ದುದನ್ನು ನಾನು ಎಂದೂ ನೋಡಿಲ್ಲ. ನಾನು ಅಲ್ಲೇ ಅಂಗಳದ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮೊಮ್ಮಗ ನೀರು ತಂದುಕೊಟ್ಟ. ಆಗ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಅವನಿಗೆ ಹೇಳಿದೆ.

1971ರ ಡಿಸೆಂಬರ್ 17. ಹಿಂದಿನ ದಿನವಷ್ಟೇ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ನಮ್ಮ ಸೈನ್ಯಕ್ಕೆ ಶರಣಾಗಿತ್ತು. ನಾನಾಗ ಶಿವಮೊಗ್ಗದಲ್ಲಿ ಬಿಕಾಂ ಓದುತ್ತಿದ್ದೆ. ದೊಡ್ಡಪ್ಪ ಮಂಡಿಗೆ ಅಡಿಕೆ ಹಾಕಿ ಊರಿಗೆ ಮರಳುವಾಗ ನನ್ನನ್ನೂ ಹತ್ತಿಸಿಕೊಂಡರು. ಎಡಗಡೆಯ ಸೀಟು ನನ್ನದು. ಕೈಯಲ್ಲಿ ಆ ದಿನದ ಪೇಪರು. ದೊಡ್ಡ ದೊಡ್ಡ ಅಕ್ಷರ, ದೊಡ್ಡ ದೊಡ್ಡ ಚಿತ್ರ. ಹಾಳೆಯನ್ನು ಅಗಲವಾಗಿ ಬಿಡಿಸಿ ಓದುತ್ತಿದ್ದೆ. ಕಿಟಕಿಯೇ ಮುಚ್ಚಿಹೋಗಿತ್ತು.

ಊರು ಇನ್ನೇನು ಹತ್ತಿರ ಬಂದಿತ್ತು. ಎದುರಿನಿಂದ ಒಂದು ಬಸ್ಸು ಬಂತು. ದಾರಿ ಕಿರಿದು. ದೊಡ್ಡಪ್ಪ ವೇಗ ಇಳಿಸಿ, "ಎಡಗಡೆ?" ಎಂದರು.

ನಾನು ಪೇಪರಿನಿಂದ ತಲೆ ಎತ್ತದೆ "ರೈಟ್" ಎಂದೆ.

ಗಾಡಿ ಎಡಕ್ಕೆ ಸರಿಯಿತು. ಒಂದು ಸೈಕಲ್ ಬೆಲ್ಲು, ಒಂದು ಕೂಗು, ಆಮೇಲೆ ಚರಂಡಿಯಲ್ಲಿ ಏನೋ ಬಿದ್ದ ಸದ್ದು. ಇಳಿದು ನೋಡಿದರೆ ನಮ್ಮೂರಿನ ಪೋಸ್ಟ್‌ಮ್ಯಾನ್. ಸೈಕಲ್ ಮೇಲೆ, ಅವರು ಕೆಳಗೆ. ಕಾಗದಗಳೆಲ್ಲ ರಸ್ತೆಯ ತುಂಬ. ಅವರ ಬಲಗೈ ಮುರಿದಿತ್ತು. ಆ ನೋವಿನಲ್ಲೂ "ಕಾಗದ ಒದ್ದೆಯಾಗ್ತವೆ, ಮೊದಲು ಅದನ್ನ ಎತ್ತು ಮಾಣಿ" ಎಂದು ನನಗೆ ಹೇಳಿದರು. ನಾನು ಒಂದೊಂದೇ ಕಾಗದ ಹೆಕ್ಕಿದೆ. ತಲೆ ಎತ್ತಲು ಧೈರ್ಯವಿರಲಿಲ್ಲ.

ದೊಡ್ಡಪ್ಪ ಅವರನ್ನು ಅದೇ ಗಾಡಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೇಳಿದವರಿಗೆಲ್ಲ "ನಂದೇ ತಪ್ಪು, ನಾನು ನೋಡಲಿಲ್ಲ" ಎಂದರು. ನನ್ನ ಹೆಸರು ಎಲ್ಲಿಯೂ ಬರಲಿಲ್ಲ. ಯಾರೋ ನನ್ನನ್ನೇ ಕೇಳಿದಾಗ ನಾನು "ಕಾಣಲಿಲ್ಲ" ಎಂದೆ. ಕಾಣಲಿಲ್ಲ ಎನ್ನುವುದಕ್ಕೂ ನೋಡಲಿಲ್ಲ ಎನ್ನುವುದಕ್ಕೂ ಎಷ್ಟು ವ್ಯತ್ಯಾಸ! ದೊಡ್ಡಪ್ಪ ನೋಡಲಿಲ್ಲ ಎಂದು ಹೇಳಿ ನನ್ನ ತಪ್ಪನ್ನು ತಾವು ಹೊತ್ತರು. ನಾನು ಕಾಣಲಿಲ್ಲ ಎಂದು ಹೇಳಿ ಅದನ್ನು ಕೆಳಗಿಟ್ಟೆ.

ಪೋಸ್ಟ್‌ಮ್ಯಾನರ ಕೈ ಕೂಡುವವರೆಗೆ ದೊಡ್ಡಪ್ಪ ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಬರುತ್ತಿದ್ದರು. ನಾನು ಹೋಗಲಿಲ್ಲ. ಪಿಕಪ್ಪಿನ ಎಡಗಡೆ ಕೂರುವುದನ್ನೂ ಬಿಟ್ಟೆ. ಏನಾದರೂ ನೆಪ ಹೇಳಿ ಹಿಂದೆ ಮೂಟೆಗಳ ಮೇಲೆ ಕೂರುತ್ತಿದ್ದೆ.

ಸಂಕ್ರಾಂತಿ ಕಳೆದು ಮತ್ತೆ ಅಡಿಕೆ ಸಾಗಿಸುವ ದಿನ ಬಂತು. ನಾನು ಎಂದಿನಂತೆ ಹಿಂದೆ ಹತ್ತಲು ಹೊರಟೆ. ದೊಡ್ಡಪ್ಪ ಎಡಗಡೆಯ ಬಾಗಿಲು ತೆಗೆದು, "ಇಲ್ಲಿ ಹತ್ತು" ಎಂದರು. ನಾನು ಸುಮ್ಮನೆ ನಿಂತೆ. "ಹತ್ತು ಮಾರಾಯ. ಈ ಸಲ ನೋಡ್ತೀಯ" ಎಂದರು.

ಈ ಸಲ ನೋಡ್ತೀಯ. ಅಂದರೆ ಆ ಸಲ ನಾನು ನೋಡಿರಲಿಲ್ಲವೆಂದು ಅವರಿಗೆ ಗೊತ್ತಿತ್ತು. ಅದಾದ ಮೇಲೆ ಆ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ದಿನ ಶಿವಮೊಗ್ಗ ಮುಟ್ಟುವವರೆಗೆ ನನ್ನ ತಲೆ ಕಿಟಕಿಯ ಹೊರಗೇ ಇತ್ತು. ಮುಖದ ತುಂಬ ಕೆಂಪು ಧೂಳು.

ಆಮೇಲೆ ನಾನು ಬ್ಯಾಂಕಿನಲ್ಲಿ ಗುಮಾಸ್ತನಾದೆ. ನೇಮಕದ ಕಾಗದವನ್ನು ತಂದುಕೊಟ್ಟವರು ಅದೇ ಪೋಸ್ಟ್‌ಮ್ಯಾನ್. "ಸಿಹಿ ಕೊಡ್ಬೇಕು" ಎಂದು ನಕ್ಕರು. ಬೆಲ್ಲ, ಕಾಯಿ ಕೊಟ್ಟೆ. ಹೇಳಬೇಕಾದ ಮಾತು ಬಾಯಿಗೆ ಬಂತು, ಅಲ್ಲೇ ನಿಂತಿತು. ಬ್ಯಾಂಕಿನಲ್ಲಿ ಒಬ್ಬರು ಬರೆದ ಅಂಕಿಯನ್ನು ಇನ್ನೊಬ್ಬರು ನೋಡಿ ಟಿಕ್ ಹಾಕುವ ಪದ್ಧತಿಯಿತ್ತು. ಅಷ್ಟೂ ವರ್ಷಗಳಲ್ಲಿ ಅಂಕಿ ನೋಡದೆ ನಾನು ಒಂದು ಟಿಕ್ಕನ್ನೂ ಹಾಕಲಿಲ್ಲ. ಬಹಳ ನಿಧಾನ ಎಂದು ಜೊತೆಯವರು ಗೊಣಗುತ್ತಿದ್ದರು, ಬಹಳ ಜಾಗರೂಕ ಎಂದು ಮ್ಯಾನೇಜರು ಹೊಗಳುತ್ತಿದ್ದರು. ಕಾರಣ ಇಬ್ಬರಿಗೂ ಗೊತ್ತಿರಲಿಲ್ಲ.

ಇಷ್ಟು ಹೇಳಿ ಮುಗಿಸಿದಾಗ ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಾಗಾದ್ರೆ ಈ ತೂತು ಮಾಡಿದ್ದು ದೊಡ್ಡಜ್ಜನಾ?" ಎಂದ. ಇರಬೇಕು ಎಂದೆ. ಇದು ನನ್ನ ಊಹೆ. ಪೋಸ್ಟ್‌ಮ್ಯಾನ್ ಬಿದ್ದ ಮೇಲೆ ಕನ್ನಡಿ ಹಾಕಿಸೋಣವೆಂದು ಹೊರಟಿರಬೇಕು, ತೂತನ್ನೂ ಕೊರೆಸಿರಬೇಕು. ಆಮೇಲೆ ಏನನ್ನಿಸಿತೋ, ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿ ನನ್ನನ್ನೇ ಮತ್ತೆ ಅಲ್ಲಿ ಕೂರಿಸಿದರು. ಕನ್ನಡಿ ಹಾಕಿದ್ದರೆ ಆ ಸೀಟಿಗೆ ನಾನು ಬೇಕಾಗಿರಲಿಲ್ಲ. "ಪೋಸ್ಟ್‌ಮ್ಯಾನ್ ತಾತಂಗೆ ಆಮೇಲಾದ್ರೂ ಹೇಳಿದ್ರಾ?" "ಇಲ್ಲ ಪುಟ್ಟ. ಈಗ ಅವರೂ ಇಲ್ಲ, ದೊಡ್ಡಪ್ಪನೂ ಇಲ್ಲ."

ಮರುದಿನ ಕೆಲಸ ಮುಂದುವರಿಯಿತು. ಹೊಸ ತೂತು ಕೊರೆಯಲಿಲ್ಲ. ದೊಡ್ಡಪ್ಪನ ತೂತುಗಳ ಪುಟ್ಟಿ ತೆಗೆದು, ಅಂಚನ್ನು ಅರದಿಂದ ಉಜ್ಜಿ, ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಳಿದು ಒಣಗಲು ಬಿಟ್ಟಿದ್ದೆವು. ಹೊರಗಿನಿಂದ ರಬ್ಬರ್ ಪಟ್ಟಿ, ಒಳಗಿನಿಂದ ಅಗಲ ವಾಷರ್. ಹಳೆಯ ತಗಡು ತೆಳು, ಅಗಲ ವಾಷರ್ ಇಲ್ಲದಿದ್ದರೆ ಬೋಲ್ಟು ತಗಡನ್ನೇ ಎಳೆದುಕೊಂಡು ಬರುತ್ತದೆ. ಹತ್ತನೇ ನಂಬರ್ ಸ್ಪ್ಯಾನರಿನಲ್ಲಿ ಮೊಮ್ಮಗನೇ ಬಿಗಿದ. ಎಂಜಿನ್ ಶುರು ಮಾಡಿದೆವು. ಕನ್ನಡಿ ಗಡಗಡ ನಡುಗಿ ಅಂಗಳದ ತೆಂಗಿನಮರ ನಾಲ್ಕಾಗಿ ಕಂಡಿತು. "ಹ್ಯಾರೂನ್ ಕನ್ನಡಿ!" ಎಂದು ಮೊಮ್ಮಗ ಕುಣಿದ. ಇನ್ನೊಂದು ರಬ್ಬರ್ ಕೊಟ್ಟು, ತೋಳಿಗೆ ಕೆಳಗಿನಿಂದ ಒಂದು ಕಬ್ಬಿಣದ ಪಟ್ಟಿಯ ಆಸರೆ ಕೊಟ್ಟ ಮೇಲೆ ತೆಂಗಿನಮರ ಒಂದೇ ಆಯಿತು.

ಇನ್ನು ಕನ್ನಡಿ ಕೂರಿಸುವುದು. ಕನ್ನಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ಅದರಲ್ಲಿ ಕಾಣುವ ನೋಟ ಎರಡು ಡಿಗ್ರಿ ತಿರುಗುತ್ತದೆ. ಬಲಗಡೆಯ ಚಪ್ಪಟೆ ಕನ್ನಡಿಯನ್ನು ಅಷ್ಟು ತಿರುಗಿಸಿದರೆ 30 ಮೀಟರ್ ಹಿಂದೆ ನೋಟ ಒಂದು ಮೀಟರಿನಷ್ಟು ಸರಿದುಬಿಡುತ್ತದೆ. ಅದಕ್ಕೆ ಬೆರಳ ತುದಿಯಿಂದ ಮೆಲ್ಲಗೆ ತಳ್ಳಬೇಕು. ಒಳ ಅಂಚಿನಲ್ಲಿ ನಮ್ಮ ಗಾಡಿಯ ಮೈ ಒಂದು ಎಳೆಯಷ್ಟು ಕಾಣಬೇಕು, ಮಿಕ್ಕದ್ದು ರಸ್ತೆಗೆ.

ಎಲ್ಲ ಆದ ಮೇಲೆ ನಾನು ಡ್ರೈವರ್ ಸೀಟಿನಲ್ಲಿ ಕುಳಿತೆ. ಮೊಮ್ಮಗನಿಗೆ ಹಿಂದಿನಿಂದ ಗಾಡಿಯ ಎಡಗಡೆಗೆ ನಡೆದು ಬರಲು ಹೇಳಿದೆ. ಕನ್ನಡಿಯಲ್ಲಿ ಅವನು ಪುಟ್ಟ ಗೊಂಬೆಯ ಹಾಗೆ ಕಂಡ. ಬಂದ, ಬಂದ, ದೊಡ್ಡವನಾದ. ಹಿಂದಿನ ಚಕ್ರ ದಾಟಿ ಎರಡು ಹೆಜ್ಜೆ ಇಟ್ಟವನು ಕನ್ನಡಿಯಿಂದ ಮಾಯವಾದ. ಕಿಟಕಿಯಲ್ಲೂ ಇಲ್ಲ.

"ಅಜ್ಜಾ, ಕಾಣ್ತಿದೀನಾ?"

"ಇಲ್ಲ."

"ಇಲ್ಲೇ ಇದೀನಲ್ಲ ಅಜ್ಜಾ!"

ನನ್ನ ಕೈ ಸ್ಟೀರಿಂಗಿನ ಮೇಲೆ ಹಾಗೇ ಇತ್ತು. ಇನ್ನೊಮ್ಮೆ ಕರೆದ ಮೇಲೆ ಮಾತು ಹೊರಟಿತು. ಅವನು ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಸಿದೆ. ಕನ್ನಡಿಯನ್ನು ಎಷ್ಟು ತಿರುಗಿಸಿದರೂ ಆ ಗೆರೆ ಆಚೀಚೆ ಆಯಿತೇ ಹೊರತು ಪೂರ್ತಿ ಹೋಗಲಿಲ್ಲ. ಎಲ್ಲ ಗಾಡಿಗೂ ಇಂಥ ಒಂದು ಜಾಗ ಇರುತ್ತದೆ, ಕತ್ತು ತಿರುಗಿಸಿಯೇ ನೋಡಬೇಕು ಎಂದರು ಮೆಕ್ಯಾನಿಕ್. ಮಕ್ಕಳೇ, ನೀವು ಬಸ್ಸು ಲಾರಿಗಳ ಪಕ್ಕದಲ್ಲಿ ಸೈಕಲ್ ಹೊಡೆಯುವಾಗ ಇದನ್ನು ನೆನಪಿಡಿ. ಅದರ ಕನ್ನಡಿಯಲ್ಲಿ ನಿಮಗೆ ಡ್ರೈವರಿನ ಮುಖ ಕಾಣದಿದ್ದರೆ ಆ ಕನ್ನಡಿಯಲ್ಲಿ ಅವನಿಗೂ ನೀವು ಕಾಣುವುದಿಲ್ಲ.

ಸಂಜೆ ತೀರ್ಥಹಳ್ಳಿಗೆ ಹೊರಟೆವು. ಅಣ್ಣನ ಮಗ ಓಡಿಸಿದ. ನಾನು ಎಡಗಡೆ ಕುಳಿತೆ. ನಮ್ಮೂರ ಕಿರಿದಾದ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ಅವನು ವೇಗ ಇಳಿಸಿ ಹೊಸ ಕನ್ನಡಿಯನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಎಡಗಡೆ, ಚಿಕ್ಕಪ್ಪ?" ಎಂದ.

ಕತ್ತು ನೋವಿನದು, ಬೇಗ ತಿರುಗುವುದಿಲ್ಲ. ಆದರೂ ತಲೆ ಹೊರಗೆ ಹಾಕಿ ನೋಡಿದೆ. ಹಿಂದಿನ ಚಕ್ರದ ಪಕ್ಕದಲ್ಲಿ, ಮೊಮ್ಮಗ ಮಾಯವಾಗಿದ್ದ ಅದೇ ಜಾಗದಲ್ಲಿ, ಒಬ್ಬಳು ಹುಡುಗಿ ಸೈಕಲ್ ಹೊಡೆದುಕೊಂಡು ಬರುತ್ತಿದ್ದಳು. ಹ್ಯಾಂಡಲ್ಲಿಗೆ ಹಾಲಿನ ಕ್ಯಾನು.

"ಹೋಲ್ಡಾನ್!" ಎಂದು ಕೂಗಿ ಬಾಗಿಲಿಗೆ ಎರಡು ಏಟು ಹಾಕಿದೆ. ಗಾಡಿ ನಿಂತಿತು. ಬಸ್ಸು ಹೋಯಿತು. ಹುಡುಗಿ ನಮ್ಮನ್ನು ದಾಟಿ, ಈ ಮುದುಕನೇಕೆ ಹೀಗೆ ಕೂಗಿದ ಎಂಬಂತೆ ಒಮ್ಮೆ ತಿರುಗಿ ನೋಡಿ, ತನ್ನ ಪಾಡಿಗೆ ಹೋದಳು.

ಮತ್ತೊಮ್ಮೆ ಹಿಂದೆ ನೋಡಿದೆ. ದಾರಿ ಖಾಲಿ ಇತ್ತು.

"ರೈಟ್" ಎಂದೆ.